ಅರವತ್ತೈದು ದಾಟಿದವರ ಮಿದುಳಿಗೆ ಸುಡೊಕು ಸಾಕಾ?

ಪ್ರಶ್ನೆ: ದಿನಾ ಒಂದು ತಾಸು ಸುಡೊಕು ಮಾಡಿದರೆ ಮರೆವು ದೂರ ಇರುತ್ತಾ? ನಡಿಗೆ, ಓದು, ಹರಟೆಗೂ ಸಮಯ ಕೊಡಬೇಕಾ?

ಉತ್ತರ 1: ಸುಡೊಕು ಮಾಡಿದರೆ ಸುಡೊಕುನಲ್ಲಿ ಪಳಗ್ತೀರಿ, ಕನ್ನಡಕ ಎಲ್ಲಿಟ್ಟೆ ಅನ್ನೋದು ಅದರಿಂದ ನೆನಪಾಗಲ್ಲ. ಮೊದಲ ಪಾಲು ನಡಿಗೆಗೆ: ವಾರಕ್ಕೆ 150 ನಿಮಿಷ, ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು. 2011ರ ಅಮೆರಿಕದ ಒಂದು ಅಧ್ಯಯನದಲ್ಲಿ 120 ಹಿರಿಯರಿದ್ದರು. ವಾರಕ್ಕೆ 3 ದಿನ 40 ನಿಮಿಷ ನಡೆದವರ ಹಿಪೊಕ್ಯಾಂಪಸ್ (ನೆನಪು ಕೂಡಿಡುವ ಭಾಗ) ವರ್ಷದಲ್ಲಿ ಸುಮಾರು ಶೇ. 2ರಷ್ಟು ಹಿಗ್ಗಿತು, ಬರೀ ಸ್ಟ್ರೆಚಿಂಗ್ ಮಾಡಿದವರದ್ದು ಕುಗ್ಗಿತು. ಆದರೆ 10 ನಿಮಿಷದಿಂದ ಶುರು ಮಾಡಿ, ವಾರಕ್ಕೆ 5 ನಿಮಿಷ ಏರಿಸಿ. ಮೊದಲ ದಿನವೇ 40 ನಿಮಿಷ ಹೊರಟರೆ ಮಂಡಿ ಹಿಡಿದುಕೊಂಡು ಎಲ್ಲಾ ನಿಂತುಹೋಗುತ್ತೆ.

ಪ್ರಶ್ನೆ ಕೇಳಿದವರು: ಮಂಡಿನೋವು ಈಗಾಗಲೇ ಇದ್ದರೆ?

ಉತ್ತರ 1: ನಿಂತಲ್ಲೇ ತುಳಿಯುವ ಸೈಕಲ್. ಸೀಟು ಎತ್ತರಿಸಿ, ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಬಾಗಿರಲಿ. ಸೀಟು ತಗ್ಗಾದರೆ ನೋವು ಜಾಸ್ತಿ.

ಉತ್ತರ 2: ಕಿವಿಯ ವಿಚಾರ ಯಾರೂ ಹೇಳಲೇ ಇಲ್ಲವಲ್ಲ! ಕಿವಿ ಮಂದವಾದವರು ಹರಟೆಯಿಂದಲೇ ದೂರ ಸರಿತಾರೆ. ಶ್ರವಣಯಂತ್ರ ತಂದ ಮೇಲೂ ಡ್ರಾಯರ್ ಸೇರುತ್ತೆ, ಯಾಕಂದ್ರೆ ಮೊದಮೊದಲು ತಟ್ಟೆ ಸದ್ದೂ ಕರ್ಕಶ. ದಿನಕ್ಕೆ ಎರಡು ತಾಸು, ಶಾಂತ ಕೋಣೆಯಲ್ಲಿ, ಒಬ್ಬರ ಜೊತೆ ಮಾತಾಡುತ್ತಾ ರೂಢಿ ಮಾಡಿಸಿ.

ಉತ್ತರ 3: ಸುಡೊಕು ಬಿಡಬೇಕಿಲ್ಲ, ಅರ್ಧ ತಾಸಿಗೆ ಇಳಿಸಿ. ಉಳಿದದ್ದರಲ್ಲಿ ಹೊಸ ವಾದ್ಯವೋ ಭಾಷೆಯೋ ಕಲಿಯಲಿ, ತಪ್ಪುಗಳಾಗುವಷ್ಟು ಕಷ್ಟ ಇರಲಿ. ಮರೆವು ಹೆಚ್ಚಾಗುತ್ತಿದ್ದರೆ ಡಾಕ್ಟರ ಹತ್ತಿರ ವಿಟಮಿನ್ ಬಿ12, ಥೈರಾಯ್ಡ್ ನೋಡಿಸಿ, ಏಕಾಏಕಿ ಹೆಚ್ಚಾದರೆ ತಡಮಾಡಬೇಡಿ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತೆ.