ಮನೆಯಲ್ಲಿ ನಾಲ್ಕು ಸೈಕಲ್, ಎಲ್ಲಕ್ಕೂ ಜಾಲಿ ಮುಳ್ಳು

ಪ್ರಶ್ನೆ (ಗಂಗಾವತಿಯಿಂದ):
ಅಪ್ಪನದು 28 ಇಂಚಿನ ಹಳೇ ಕರಿ ಸೈಕಲ್, ರಾಡ್ ಬ್ರೇಕು. ಈಗಲೂ ಗದ್ದೆಯಿಂದ ಹುಲ್ಲಿನ ಹೊರೆ ಬರೋದು ಅದರ ಕ್ಯಾರಿಯರ್ ಮೇಲೇ. ಮಗಳದು ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟದ್ದು. ಅವಳು ಕಾಲೇಜಿಗೆ ಬಸ್ಸಲ್ಲಿ ಹೋಗ್ತಾಳೆ, ಹಾಗಾಗಿ ಅದು ಈಗ ಅವಳಮ್ಮನ ಸಂತೆ ಸೈಕಲ್. ಹ್ಯಾಂಡಲ್‌ನ ಎರಡೂ ಕಡೆ ತರಕಾರಿ ಚೀಲ. ಸಣ್ಣವನದು 16 ಇಂಚು. ನನ್ನದು ಗೇರ್ ಸೈಕಲ್, ಭಾನುವಾರ ಆನೆಗೊಂದಿಗೆ. ಕಾಲುವೆ ದಾರಿ ತುಂಬ ಬಳ್ಳಾರಿ ಜಾಲಿ. ಹೋದ ವಾರ ಮೂರು ಪಂಕ್ಚರ್! ಒಂದೇ ಪಂಪು ಎಲ್ಲಕ್ಕೂ ಆಗುತ್ತಾ?

ಉತ್ತರ 1 (ಸಿಂಧನೂರು):
ಮೊದಲು ವಾಲ್ವ್ ನೋಡಿ ಅಣ್ಣಾ. ಹಳೇ ಸೈಕಲ್ಲಿನ ವಾಲ್ವ್ ಒಳಗೆ ಸಣ್ಣ ರಬ್ಬರ್ ಕೊಳವೆ ಇರುತ್ತೆ, ಗೇರ್ ಸೈಕಲ್ಲಿಗೆ ಜಾಸ್ತಿ ಮೋಟರ್ ಬೈಕಿನ ವಾಲ್ವೇ. ಎರಡೂ ಹಿಡಿಯೋ ಪಂಪು ತಗೊಳ್ಳಿ.

ಉತ್ತರ 2 (ಕುರುಗೋಡು):
ಪಂಪಿಗಿಂತ ಮುಳ್ಳು ಮುಖ್ಯ. ತುದಿ ಮುರಿದು ಟೈರಲ್ಲೇ ಉಳಿಯುತ್ತೆ, ಹೊಸ ಟ್ಯೂಬೂ ಸಂಜೆಗೆ ಪುಸ್ ಅನ್ನುತ್ತೆ. ಹಳೇ ಬಟ್ಟೆ ಹಿಡಿದು ಟೈರಿನ ಒಳಗೆ ಸುತ್ತ ಒರೆಸಿ. ಬಟ್ಟೆ ಸಿಕ್ಕಿಕೊಂಡ ಕಡೆ ಮುಳ್ಳಿದೆ. ಹೊರಗಿನಿಂದ ತಳ್ಳಿ, ಒಳಗಿನಿಂದ ಇಕ್ಕಳದಲ್ಲಿ ಎಳೆಯಿರಿ.

ಪ್ರಶ್ನೆ ಕೇಳಿದವರು:
ಅಪ್ಪನ ಟೈರಲ್ಲೇ ಎರಡು ಸಿಕ್ಕವು. ಅವರು ನಾಳೆ ಗದ್ದೆಗೆ ಹೋಗಬಹುದು, ತುಂಬ ಉಪಕಾರ ಆಯ್ತು.