ಒಂದೇ ಕೋಣೆ, ಮೂರು ತರಗತಿ: ಮಕ್ಕಳಿಗೆ ಅವರವರ ವೇಗದಲ್ಲಿ ಕಲಿಸುವುದು ಹೇಗೆ?

ಹೊಸನಗರ ತಾಲೂಕಿನ ಶಿಕ್ಷಕಿ ಕೇಳಿದ್ದು

ಈ ವರ್ಷ ಮೊದಲ ಸಲ ನಲಿಕಲಿ ತರಗತಿ, ಅಂದರೆ ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡುಗಳಿಂದ ನಲಿಯುತ್ತ ಕಲಿಯುವ ತರಗತಿ, ನನ್ನ ಪಾಲಿಗೆ ಬಂದಿದೆ. ಒಂದರಿಂದ ಮೂರನೇ ತರಗತಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿದ್ದಾರೆ. ಒಬ್ಬ ಕಾರ್ಡು ಮುಗಿಸಿ ಸುಮ್ನೆ ಕೂತಿರುತ್ತಾನೆ, ಇನ್ನೊಬ್ಬಳು ಮೊದಲ ಅಕ್ಷರದಲ್ಲೇ ಇದ್ದಾಳೆ. ಮಳೆ ಜೋರಾದರೆ ಅರ್ಧ ಮಕ್ಕಳು ಬರುವುದೇ ಇಲ್ಲ. ಎಲ್ಲರಿಗೂ ಒಟ್ಟಿಗೆ, ಖುಷಿಯಾಗಿ ಕಲಿಸುವುದು ಹೇಗೆ? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ ಕಡೆಯ ಶಿಕ್ಷಕಿ

ಮೇಡಂ, ಎಲ್ಲರೂ ಒಂದೇ ಪಾಠದಲ್ಲಿರಬೇಕು ಅನ್ನುವ ಆಸೆಯನ್ನು ಮೊದಲು ಬಿಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿಕಲಿ ಶುರುವಾದಾಗ ನಮ್ಮ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದದ್ದು ಇದನ್ನೇ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡುವುದು, ಮಗು ನಿಂತ ಮೆಟ್ಟಿಲಿನಿಂದಲೇ ಮುಂದೆ ಹೋಗುವುದು. ನಮ್ಮ ಕಡೆ ಸಂಕದ (ಹಳ್ಳದ ಕಾಲುಸೇತುವೆ) ಮೇಲೆ ನೀರು ಬಂದರೆ ಮನೆಯವರು ಮಕ್ಕಳನ್ನು ಕಳಿಸುವುದಿಲ್ಲ, ಕಳಿಸಲೂಬಾರದು. ವಾರ ಬಿಟ್ಟು ಬಂದ ಹುಡುಗಿ ತಾನು ಬಿಟ್ಟ ಕಾರ್ಡನ್ನೇ ತೆಗೆದುಕೊಂಡು ಕೂರುತ್ತಾಳೆ. ಪಾಠ ತಪ್ಪಿತು ಅನ್ನುವ ಅಳುಕು ಅವಳಿಗೆ ಇರುವುದಿಲ್ಲ. ಮಲೆನಾಡಿಗೆ ಇದರಷ್ಟು ಹೊಂದುವ ಪದ್ಧತಿ ಬೇರೊಂದಿಲ್ಲ ಅಂತ ನನಗನಿಸುತ್ತದೆ.

ಇನ್ನು ನಡೆಸುವ ಬಗೆ. ಮಕ್ಕಳು ಗುಂಪಾಗಿ ಕೂರುವ ಜಾಗಗಳಿಗೆ ತಟ್ಟೆ ಅನ್ನುತ್ತೇವೆ. ಐದು ತಟ್ಟೆಗಳಲ್ಲಿ ನಿಮ್ಮ ಜಾಗ ಮೊದಲನೆಯದು. ಹೊಸ ಅಕ್ಷರ, ಹೊಸ ಲೆಕ್ಕ ಕಲಿಯುವವರು ಅಲ್ಲಿರುತ್ತಾರೆ. ಎರಡನೆಯದಕ್ಕೆ ಆಗಾಗ ಹೋದರೆ ಸಾಕು. ಮೂರು, ನಾಲ್ಕರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ. ಐದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಐದೂ ಕಡೆ ಓಡಾಡಲು ಹೋದರೆ ಸಂಜೆಗೆ ಸುಸ್ತು, ಯಾರ ಹತ್ತಿರವೂ ನೆಟ್ಟಗೆ ಕೂತ ಹಾಗಿರುವುದಿಲ್ಲ.

ಉಳಿದ ತಟ್ಟೆಯ ಮಕ್ಕಳು ನಿಮಗಾಗಿ ಕಾಯದೆ ತಾವೇ ಮುಂದೆ ಹೋಗಬೇಕು. ಅದಕ್ಕೇ ಶುರುವಿನಲ್ಲಿ ಪಾಠದ ಆತುರ ಬೇಡ. ಕಲಿಕಾ ಏಣಿ (ಪಾಠದ ಮೆಟ್ಟಿಲುಗಳನ್ನು ಚಿತ್ರಗಳಲ್ಲಿ ತೋರಿಸುವ ಪಟ) ನೋಡುವುದು, ತನ್ನ ಚಿತ್ರದ ಗುರುತು ಹುಡುಕುವುದು, ಕಾರ್ಡು ತೆಗೆಯುವುದು, ಮುಗಿದ ಮೇಲೆ ಅದೇ ಜಾಗದಲ್ಲಿ ಇಡುವುದು. ಇಷ್ಟನ್ನೇ ಅಭ್ಯಾಸ ಮಾಡಿಸಿ. ಏಣಿಯ ಪಟ ಮಕ್ಕಳ ಕೈಗೆ ಎಟುಕುವ ಹಾಗಿರಲಿ. "ಟೀಚರ್, ಈಗೇನ್ ಮಾಡ್ಲಿ?" ಅಂತ ಕೇಳುತ್ತಿದ್ದ ಮಗು ತಾನೇ ಎದ್ದು ಮುಂದಿನ ಕಾರ್ಡು ತರುವಾಗ ಅದರ ಮುಖ ನೋಡಿ. ಹಾಡು, ಕುಣಿತ ಎಲ್ಲ ಬೇಕು, ಆದರೆ ಆ ಖುಷಿಯೇ ಬೇರೆ.

ಸಾಗರದ ಶಿಕ್ಷಕ

ಲೆಕ್ಕಕ್ಕೆ ಚೆನ್ನೆಮಣೆ ಇಡಿ. ಮಳೆಗಾಲದಲ್ಲಿ ಅಜ್ಜಿಯರ ಜೊತೆ ಆಡಿದ ಮಕ್ಕಳು ಇನ್ನೂ ಇದ್ದಾರೆ. 14 ಗುಳಿ, ಒಂದೊಂದಕ್ಕೆ 4 ಕಾಳು, ಒಟ್ಟು 56. ಚಿಕ್ಕವರು ಎಣಿಸಿ ಹಾಕಲಿ. ದೊಡ್ಡವರಿಗೆ ಕಾಳು ಎತ್ತುವ ಮೊದಲೇ "ಕೊನೇ ಕಾಳು ಯಾವ ಗುಳಿಗೆ ಬೀಳುತ್ತೆ?" ಅಂತ ಕೇಳಿ. ಒಂದೇ ಮಣೆಯಲ್ಲಿ ಎರಡು ತರಗತಿಯ ಲೆಕ್ಕ ಆಯಿತು, ಅಲ್ವಾ? ಹುಣಸೆ ಬೀಜವೋ ಅಂಟುವಾಳವೋ ಇದ್ದರೆ ಸಾಕು, ದುಡ್ಡು ಬೇಡ.

ಮಕ್ಕಳು ದಿನಾ ಹವೆ ಗುರುತಿಸುವ ಹವಾಮಾನ ನಕ್ಷೆಯಲ್ಲಿ ಜುಲೈ ಪೂರ್ತಿ ಮಳೆಯ ಚಿತ್ರವೇ ಆಗಿ ಮಕ್ಕಳಿಗೆ ಬೇಜಾರಾಗುತ್ತದೆ. ಜಿಟಿಜಿಟಿ ಮಳೆ, ಜಡಿ ಮಳೆ, ಗಾಳಿ ಮಳೆ ಅಂತ ಬೇರೆ ಬೇರೆ ಗುರುತು ಹಾಕಿಸಿ. ಈಗಿನ ಮಳೆ ನಕ್ಷತ್ರ ಆರಿದ್ರೆಯೋ ಪುನರ್ವಸುವೋ ಅಂತ ಮನೆಯಲ್ಲಿ ಕೇಳಿಕೊಂಡು ಬರಲಿ.

ಮತ್ತೆ, ಕಾರ್ಡುಗಳಿಗೆ ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಬಿಸಿಲು ಕಂಡ ದಿನ ಹರವಿ.

ಶಿವಮೊಗ್ಗದ ನಿವೃತ್ತ ಮುಖ್ಯಶಿಕ್ಷಕ

ತಂಗೀ, ಪೋಷಕರ ವಿಷಯ ಯಾರೂ ಹೇಳಲಿಲ್ಲ. "ಅ ಆ ಇ ಈ ಬಿಟ್ಟು ರ ಗ ಸ ದ ಅ ಕಲಿಸ್ತೀರಲ್ಲ, ಬರೀ ಆಟ ಆಡಿಸ್ತೀರಲ್ಲ" ಅಂತ ಕೇಳಿಯೇ ಕೇಳುತ್ತಾರೆ. ವಾದ ಮಾಡಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ದಿನ ಒಂದನೇ ತರಗತಿ ಮಗುವಿನ ಕೈಯಲ್ಲಿ ಸರ, ಅರಸ, ಗರಗಸ ಓದಿಸಿ. ಐದೇ ಅಕ್ಷರಕ್ಕೆ ಮಗು ಪದ ಓದುತ್ತದೆ ಅಂತ ಅವರಿಗೇ ಕಾಣುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಅವರವರ ವೇಗ ಅಂದರೆ ನಿಧಾನದ ಮಗುವನ್ನು ಅದರ ಪಾಡಿಗೆ ಬಿಡುವುದಲ್ಲ. ಯಾವ ಮಗು ಎಲ್ಲಿದೆ ಅಂತ ಬರೆದಿಡುವ ಪ್ರಗತಿ ನೋಟವನ್ನು ವಾರಕ್ಕೊಮ್ಮೆ ತೆಗೆದು ನೋಡಿ. ಏಣಿಯ ಒಂದೇ ಮೈಲಿಗಲ್ಲಿನಲ್ಲಿ (ಹಂತದಲ್ಲಿ) ನಿಂತ ಮಗುವಿಗೆ ಕಣ್ಣು ಸರಿ ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ ವಿಚಾರಿಸಿ. ಅಡಿಕೆ ಕೊಯ್ಲಿನ ಹೊತ್ತಿಗೆ ಹೊರಗಿನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಶಾಲೆಗೆ ಸೇರುವುದುಂಟು. ಮನೆಮಾತು ಲಂಬಾಣಿಯೋ ಉರ್ದುವೋ ಆಗಿದ್ದರೆ ಮಗುವಿಗೆ ಪಾಠ ಕಷ್ಟವಾಗಿರುವುದಿಲ್ಲ, ಮಾತು ತಿಳಿದಿರುವುದಿಲ್ಲ ಅಷ್ಟೇ. ಎರಡೂ ಮಾತು ಬಲ್ಲ ಇನ್ನೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿ. ಕಾರ್ಡಿನ ಚಿತ್ರಕ್ಕೆ ಅವರ ಮನೆಯಲ್ಲಿ ಏನೆನ್ನುತ್ತಾರೆ ಅಂತ ಕೇಳಿ, ಅದನ್ನು ಇಡೀ ತರಗತಿಯಿಂದ ಹೇಳಿಸಿ. ಆಮೇಲೆ ಕನ್ನಡದ ಪದ ಹೇಳಿ.