ಹಳೆ ತಾಮ್ರದ ಬಾಯ್ಲರ್ ಸೋರುತ್ತಿದೆ: ರಿಪೇರಿಯೋ, ಹೊಸದೋ?

ಪ್ರಶ್ನೆ (ಹೊಸನಗರ ಕಡೆಯ ಸದಸ್ಯರು): ನಮ್ಮ ಬಚ್ಚಲಲ್ಲಿ ಸೌದೆ ಉರಿಸುವ ತಾಮ್ರದ ಬಾಯ್ಲರ್ ಇದೆ. ಅಜ್ಜನ ಕಾಲದ್ದು. ಮೊದಲು ಮೇಲಿನ ಬಾಯಿಗೆ ತಣ್ಣೀರು ಹೊಯ್ಯುತ್ತಿದ್ದೆವು, ಅಷ್ಟೇ ಬಿಸಿನೀರು ಪಕ್ಕದ ಕೊಳವೆಯಲ್ಲಿ ಬೀಳುತ್ತಿತ್ತು. ತಾರಸಿ ಮೇಲೆ ಟ್ಯಾಂಕ್ ಕೂರಿಸಿದಾಗ ಅದರ ಪೈಪನ್ನು ನೇರ ಬಾಯ್ಲರ್‌ಗೇ ಕೊಟ್ಟು, ಬಿಸಿನೀರಿಗೆ ನಲ್ಲಿ ಹಾಕಿಸಿದೆವು. ಈಗ ತಳದ ಬೆಸುಗೆ ಸೋರುತ್ತಿದೆ. ಎರಡು ಸಲ ಬೆಸುಗೆ ಹಾಕಿಸಿದ್ದಾಯಿತು. ನೀರು ಕಾಯುವುದೂ ತಡ. ಮಗ ಸೋಲಾರ್ ಹಾಕಿಸೋಣ ಅನ್ನುತ್ತಾನೆ. ಇದನ್ನು ತೆಗೆಯುವುದೇ ಸರಿಯಾ?

ಉತ್ತರ (ಬಾಯ್ಲರ್, ಪ್ಲಂಬಿಂಗ್ ಕೆಲಸದವರು, ತೀರ್ಥಹಳ್ಳಿ): ನಿಮ್ಮ ಬಾಯ್ಲರ್‌ಗೆ ವಯಸ್ಸಾಗಿದ್ದು ತೊಂದರೆ ಅಲ್ಲ. ತಾರಸಿ ಟ್ಯಾಂಕ್ ಜೋಡಿಸಿದ್ದು ತೊಂದರೆ. ನೀರು ಹೊಯ್ಯುವ ಬಾಯ್ಲರನ್ನು ಒತ್ತಡ ತಡೆಯಲು ಮಾಡಿರುವುದಿಲ್ಲ. ಟ್ಯಾಂಕ್ ನೀರು ಬಾಯ್ಲರ್‌ಗಿಂತ ಐದು ಮೀಟರ್ ಮೇಲಿದ್ದರೆ ಚದರ ಸೆಂಟಿಮೀಟರ್‌ಗೆ ಅರ್ಧ ಕೆಜಿ ಒತ್ತಡ ಬೀಳುತ್ತದೆ. ಒಂದೂವರೆ ಅಡಿ ಅಗಲದ ತಳಕ್ಕೆ ಲೆಕ್ಕ ಹಾಕಿ ನೋಡಿ, 800 ಕೆಜಿ ಹತ್ತಿರ ಆಗುತ್ತದೆ! ಯಾವ ಬೆಸುಗೆ ನಿಲ್ಲುತ್ತೆ ಹೇಳಿ? ಹೊಸದು ತಂದು ಹೀಗೇ ಜೋಡಿಸಿದರೆ ಅದೂ ಸೋರುತ್ತದೆ.

ಬಾಯ್ಲರ್ ಪಕ್ಕದ ಗೋಡೆಯಲ್ಲಿ, ಅದರ ತಲೆಗಿಂತ ಸ್ವಲ್ಪ ಮೇಲೆ, ಒಂದು ಸಣ್ಣ ಟ್ಯಾಂಕ್ ಕೂರಿಸಿ. ತಾರಸಿ ನೀರು ಫ್ಲೋಟ್ ವಾಲ್ವ್ (ಟ್ಯಾಂಕ್ ತುಂಬಿದಾಗ ತಾನಾಗಿ ನೀರು ನಿಲ್ಲಿಸುವ ವಾಲ್ವ್) ಮೂಲಕ ಅದಕ್ಕೆ ಬರಲಿ, ಅಲ್ಲಿಂದ ಬಾಯ್ಲರ್‌ಗೆ ಹೋಗಲಿ. ಬಾಯ್ಲರ್ ತಲೆಯಿಂದ ಒಂದು ಗಾಳಿ ಕೊಳವೆಯನ್ನು ಆ ಸಣ್ಣ ಟ್ಯಾಂಕಿಗಿಂತ ಎತ್ತರಕ್ಕೆ ಒಯ್ಯಿರಿ. ಅದಕ್ಕೆ ಯಾವತ್ತೂ ಮುಚ್ಚಳ, ವಾಲ್ವ್ ಹಾಕಬೇಡಿ. ಕೆಲವರು ಬಿಸಿನೀರು ಹಿಂದಕ್ಕೆ ಹೋಗದಿರಲಿ ಅಂತ ತಣ್ಣೀರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕುತ್ತಾರೆ. ಗಾಳಿ ಕೊಳವೆ ಇಲ್ಲದೆ ಹಾಗೆ ಮಾಡಿದರೆ, ನಲ್ಲಿ ಮುಚ್ಚಿದಾಗ ಉಗಿಗೆ ದಾರಿಯೇ ಇಲ್ಲ. ಬಚ್ಚಲಲ್ಲಿ ಬಾಂಬ್ ಇಟ್ಟಂತೆ. ನಿಮ್ಮಲ್ಲಿ ಹಾಗಿದ್ದರೆ ಇವತ್ತೇ ಉರಿ ನಿಲ್ಲಿಸಿ.

ಇನ್ನು ಇಟ್ಟುಕೊಳ್ಳುವುದೋ ಬೇಡವೋ ಅನ್ನುವುದನ್ನು ಒಳಗಿನ ಹೊಗೆಕೊಳವೆ ಹೇಳುತ್ತದೆ. ಬೆಂಕಿ ತಾಗುವುದು ಅದಕ್ಕೇ. ಬಾಯ್ಲರ್ ಖಾಲಿ ಮಾಡಿ, ನೀರಿನ ಬಾಯಿಂದ ಒಳಗೆ ಟಾರ್ಚ್ ಬಿಡಿ. ಕೋಣೆ ಕತ್ತಲೆ ಮಾಡಿ ಕೊಳವೆಯೊಳಗೆ ನೋಡಿ. ಸೂಜಿಮೊನೆಯಷ್ಟು ಬೆಳಕು ಅಲ್ಲಲ್ಲಿ ಕಂಡರೆ ತಾಮ್ರ ಸವೆದಿದೆ, ರಿಪೇರಿಗೆ ದುಡ್ಡು ಹಾಕಬೇಡಿ. ಬಕೆಟ್‌ನಲ್ಲಿ ಹಸಿರು ನೀಲಿ ಕಲೆ ಬೀಳುತ್ತಿದ್ದರೂ ಅನುಮಾನ ಪಡಿ, ನೀರು ತಾಮ್ರವನ್ನು ತಿನ್ನುತ್ತಿದೆ ಅಂತ ಅರ್ಥ. ಕೊಳವೆ ಗಟ್ಟಿ ಇದ್ದು ಬರೀ ತಳದ ಜಾಯಿಂಟ್ ಬಿಟ್ಟಿದ್ದರೆ ಹಿತ್ತಾಳೆ ಬೆಸುಗೆ ಹಾಕಿಸಿ. ಸೀಸ ತವರದ ಬೆಸುಗೆ 200 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ನೀರಿಲ್ಲದೆ ಒಂದು ಸಲ ಉರಿ ಹಾಕಿದರೆ ಸಾಕು, ಮುಗಿಯಿತು.

ತಡವಾಗಿ ಕಾಯುವುದಕ್ಕೆ ಮಸಿಯೇ ಕಾರಣ ಇರಬಹುದು. ಮಳೆಗಾಲದ ಹಸಿ ಸೌದೆ, ಅಡಿಕೆ ಸಿಪ್ಪೆ ಹೊಗೆಯಾಡಿ ಕೊಳವೆಗೆ ಟಾರಿನ ಹಾಗೆ ಅಂಟುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಿ. ಬೋರ್ ನೀರಾದರೆ ಒಳಗೆ ಸುಣ್ಣವೂ ಕಟ್ಟಿರುತ್ತದೆ.

ಪ್ರಶ್ನೆ ಕೇಳಿದವರು: ನಾನ್ ರಿಟರ್ನ್ ವಾಲ್ವ್ ಇಲ್ಲ, ನೋಡಿದೆ. ಕೊಳವೆಯಲ್ಲಿ ಬೆಳಕೂ ಕಾಣಲಿಲ್ಲ. ಹಾಗಾದರೆ ಸೋಲಾರ್ ಬೇಡವೇ?

ಉತ್ತರ: ಬೇಡ ಅಂತಲ್ಲ. ಬೇಸಿಗೆ, ಚಳಿಗಾಲಕ್ಕೆ ಚೆನ್ನಾಗಿದೆ. ಆದರೆ ನಮ್ಮ ಕಡೆ ಬಿಸಿನೀರು ಜಾಸ್ತಿ ಬೇಕಾಗುವ ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲೇ ಇಲ್ಲ ಅಲ್ವಾ? ದಕ್ಷಿಣಕ್ಕೆ ಮುಖ ಮಾಡಿ ಇಡಲು ಅಡಿಕೆ ಮರದ ನೆರಳಿಲ್ಲದ ಜಾಗ ಬೇಕು. ಮಂಗಗಳು ಗಾಜಿನ ಟ್ಯೂಬ್ ಒಡೆಯುತ್ತವೆ, ಆದರೆ ಒಡೆದ ಟ್ಯೂಬ್ ಒಂದನ್ನೇ ಬದಲಿಸಬಹುದು. ಸೋಲಾರ್ ಹಾಕಿಸಿದರೂ ಬಾಯ್ಲರ್ ತೆಗೆಯಬೇಡಿ.

ಇನ್ನೊಬ್ಬರು (ಸಾಗರ): ಕರೆಂಟ್ ಗೀಸರ್ ಸುಲಭ ಅಲ್ವಾ? ಗೃಹಜ್ಯೋತಿ ಇದೆಯಲ್ಲ. ಇಲ್ಲದಿದ್ದರೆ ಗ್ಯಾಸ್ ಗೀಸರ್?

ಉತ್ತರ: 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 3 ಯೂನಿಟ್ ಬೇಕು. ದಿನವೂ ಅಷ್ಟು ಕಾಯಿಸಿದರೆ ತಿಂಗಳಿಗೆ 90. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಸಿಗುವುದು ಹಳೆಯ ಸರಾಸರಿಯ ಮೇಲೆ ಸ್ವಲ್ಪ ಮಾತ್ರ, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಮೇಲಾಗಿ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಸ್ನಾನವೂ ಹೋಯಿತು.

ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಮಾತ್ರ ಹಾಕಿಸಬೇಡಿ. ಬಾಗಿಲು ಕಿಟಕಿ ಮುಚ್ಚಿ ಸ್ನಾನ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಜೀವ ಹೋಗುತ್ತದೆ. ಗೀಸರ್ ಹೊರಗೋಡೆಗೆ ಇರಲಿ. ಸೌದೆ ಒಲೆಯದ್ದೂ ಅದೇ ಕಥೆ. ಒಲೆಬಾಯಿ ಹೊರಗಿದ್ದರೆ ಒಳ್ಳೆಯದು. ಒಳಗೇ ಇದ್ದರೆ ಚಿಮಣಿ, ಗಾಳಿಕಂಡಿ ಸರಿ ಇರಬೇಕು.

ಪ್ರಶ್ನೆ ಕೇಳಿದವರು: ಅಂಗಡಿಯವರು ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಒಂದಿಷ್ಟು ಬಿಡುತ್ತೇವೆ ಅಂದರು.

ಉತ್ತರ: ಮುಂದೆ ಯಾವಾಗಾದರೂ ಕೊಡುವುದಾದರೆ ತೂಕ ಹಾಕದೆ ಒಟ್ಟಾರೆ ಇಷ್ಟು ಅಂದರೆ ಒಪ್ಪಬೇಡಿ. ನಿಮ್ಮೆದುರೇ ತೂಕ ಹಾಕಿಸಿ, ಅವತ್ತಿನ ತಾಮ್ರದ ಗುಜರಿ ದರ ಕೇಳಿ. ಹಳೆ ಕಾಲದ ತಗಡು ಹೊಸದಕ್ಕಿಂತ ದಪ್ಪ ಇರುವುದುಂಟು. ಈಗ ಸದ್ಯಕ್ಕೆ ಸಣ್ಣ ಟ್ಯಾಂಕ್ ಕೂರಿಸಿ, ಆಮೇಲೆ ಬೆಸುಗೆಗೆ ಕೊಡಿ. ಮೊದಲು ಬೆಸುಗೆ ಹಾಕಿಸಿದರೆ ಸುಮ್ನೆ ಮೂರನೇ ಸಲದ ಖರ್ಚು.